ಡಿಲೀಟಿನ ಮೇಲಿನ ಸಾಲು

ಕಾರವಾರ, ಅಂಕೋಲಾ ಕಡೆ ಸೀಬರ್ಡ್ ನೌಕಾನೆಲೆಗೆ ಜಮೀನು ಬಿಟ್ಟುಕೊಟ್ಟವರ ಪರಿಹಾರದ ಕೇಸುಗಳು ದಶಕಗಟ್ಟಲೆ ನಡೆದವು. ಅಂಥವರಿಗೆ ಪಹಣಿಯ ಒಂದು ಸಾಲು ಅಂದರೆ ಸಣ್ಣ ಮಾತಲ್ಲ. ಸರ್ವೆ ನಂಬರು, ಹೆಸರು, ವಿಸ್ತೀರ್ಣ, ಇಷ್ಟೇ ಅವರ ಕೈಲಿದ್ದ ಆಧಾರ.

ಕಂಪನಿಗಳಿಗೆ ಸಾಫ್ಟ್‌ವೇರ್ ಬರೆಯುವ ನಮ್ಮ ಕಡೆಯ ಹುಡುಗ ಹುಡುಗಿಯರೇ, ಅಂಥ ಒಂದು ಸಾಲನ್ನು ಕಾಯಲು ಡಿಲೀಟ್ ಬಟನ್ ಮರೆಮಾಡಿದರೆ ಸಾಲದು. ಅದೇ ಪ್ರೋಗ್ರಾಂ ಬೇರೆ ದಾರಿಯಿಂದಲೂ ಓಡಬಹುದು. ಎಸ್‌ಎಪಿಯಲ್ಲಿ ಅಥಾರಿಟಿ-ಚೆಕ್ ಅಂತ ಅಧಿಕಾರ ಪರೀಕ್ಷಿಸುವ ಸಾಲು ಬರೆಯುತ್ತೇವಲ್ಲ, ಅದರಲ್ಲಿ ಸಾಮಾನ್ಯವಾಗಿ ನೋಡುವುದಕ್ಕೆ ಸಂಕೇತ 03, ಅಳಿಸುವುದಕ್ಕೆ 06. ಆ ಸಾಲು ತಾನಾಗಿ ಯಾರನ್ನೂ ತಡೆಯುವುದಿಲ್ಲ! ಉತ್ತರವನ್ನು ಎಸ್‌ವೈ-ಸಬ್‌ಆರ್‌ಸಿ ಅನ್ನುವ ವೇರಿಯಬಲ್ಲಿನಲ್ಲಿ ಇಟ್ಟು ಸುಮ್ಮನೆ ಮುಂದೆ ಹೋಗುತ್ತದೆ. ಸೊನ್ನೆ ಅಂದರೆ ಅಧಿಕಾರ ಇದೆ; ಅದು ಸೊನ್ನೆಯೋ ಅಲ್ಲವೋ ನಾವೇ ನೋಡಬೇಕು. ನೋಡದಿದ್ದರೆ ಅಧಿಕಾರ ಇಲ್ಲದವನ ಕೈಯಲ್ಲೂ ದಾಖಲೆ ಅಳಿಸಿಹೋಗುತ್ತದೆ, ಪರೀಕ್ಷೆ ಮಾಡಿದ್ದೇವೆ ಅಂತ ನಾವು ನಂಬಿಕೊಂಡಿರುತ್ತೇವೆ.

ಪಹಣಿಗಳನ್ನು ಇಡುವ ಕರ್ನಾಟಕದ 'ಭೂಮಿ' ತಂತ್ರಾಂಶ ತಾಲೂಕು ಕಚೇರಿಗಳಿಗೆ ಬಂದಾಗ ಬರೀ ಪಾಸ್‌ವರ್ಡ್ ನಂಬಲಿಲ್ಲ, ಅಧಿಕಾರಿಯ ಬೆರಳ ಗುರುತನ್ನೂ ಕೇಳಿತು. ಖಾತೆ ಬದಲಾದರೂ ಆ ಬದಲಾವಣೆಯ ಮ್ಯುಟೇಷನ್ ನಂಬರು ದಾಖಲೆಯಲ್ಲಿ ಉಳಿಯುತ್ತದೆ. ಆ ಎಚ್ಚರ ನನಗೆ ತುಂಬ ಹಿಡಿಸಿತು.

ಯಾರ ಕೋಡ್ ರಿವ್ಯೂಗೆ ಬಂದರೂ ನಾನು ಮೊದಲು ಡಿಲೀಟ್ ಎಲ್ಲಿದೆ ಅಂತ ಹುಡುಕಿ, ಅದರ ಮೇಲಿನ ಸಾಲುಗಳನ್ನು ಓದುತ್ತೇನೆ.