ಗುಂಯ್‌ಗುಟ್ಟುವ ಪೆಟ್ಟಿಗೆ

ರಾಮಕೃಷ್ಣನಗರದ ನಮ್ಮ ಬೀದಿಯ ಹುಡುಗನೊಬ್ಬ ಮನೆಯ ಹಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಹೊತ್ತು ತಂದ. ಹಾಡು ನಿಲ್ಲಿಸಿದರೂ ‘ಗುಂಯ್’ ಎನ್ನುತ್ತದಂತೆ. ಭಾರವಾದ ಪೆಟ್ಟಿಗೆಯದಾದರೆ ಹಾಡೂ ಇಂಪು ಎಂದು ಅಂಗಡಿಯಾತ ದುಬಾರಿ ಮಾಲು ತೋರಿಸಿದ್ದ; ಕೊಳ್ಳಬೇಕೇ ಎಂಬುದು ತಂದೆಯ ಪ್ರಶ್ನೆ.

ಧ್ವನಿಯ ಗುಂಡಿಯನ್ನು ಪೂರ್ತಿ ಇಳಿಸಿ ಸ್ಪೀಕರಿಗೆ ಕಿವಿಗೊಡಲು ಹೇಳಿದೆ. ಸದ್ದಿಲ್ಲ. ಗುಂಯ್ ಬರುತ್ತಿದ್ದುದು ಪೆಟ್ಟಿಗೆಯಿಂದಲೇ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ. ಅದರ ಕಬ್ಬಿಣದ ತಿರುಳು ಕಾಂತತ್ವ ಏರಿದಾಗಲೆಲ್ಲ ಕಣ್ಣಿಗೆ ಕಾಣದಷ್ಟು ಉದ್ದ ಬದಲಿಸುತ್ತದೆ. ಕಬ್ಬಿಣದ ಈ ಗುಣವನ್ನು ಜೇಮ್ಸ್ ಜೂಲ್ 1842ರಲ್ಲಿ ಗುರುತಿಸಿದ್ದ. ಕಾಂತತ್ವದ ದಿಕ್ಕು ಅತ್ತಲಾದರೂ ಇತ್ತಲಾದರೂ ಅದಕ್ಕೆ ಒಂದೇ. ಹಾಗಾಗಿ ಸೆಕೆಂಡಿಗೆ 50 ಆವರ್ತದ ವಿದ್ಯುತ್ತಿನಿಂದ 100 ಕಂಪನ! ತೆಳು ತಗಡಿನ ಮುಚ್ಚಳ ಆ ನಡುಕವನ್ನು ವೀಣೆಯ ಕೊಡದಂತೆ ಹಿಗ್ಗಿಸುತ್ತದೆ. ವೀಣೆಗೆ ಬೇಕಾದದ್ದು ಇಲ್ಲಿ ಬೇಡ.

ಪ್ಲಗ್ ಕಿತ್ತು, ತುಸು ಕಾದು, ಸಡಿಲ ಬೋಲ್ಟು ಬಿಗಿಸಿ ರಬ್ಬರ್ ಬಿಲ್ಲೆ ಕೊಟ್ಟೆ. ಸದ್ದು ಬಹುಪಾಲು ಅಡಗಿತು. (ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ, ಮಕ್ಕಳು ಒಳಗೆ ಕೈ ಹಾಕಬಾರದು.)

ಇನ್ನು ಇಂಪಿನ ಮಾತು. ವಾಲ್ವ್ ಯಂತ್ರಗಳ ಮಟ್ಟಿಗೆ ಅದರಲ್ಲಿ ಸ್ವಲ್ಪ ನಿಜವಿದೆ. ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿ ಆರಂಭಿಸಿದಾಗ ರೇಡಿಯೋ ಎಂದರೆ ವಾಲ್ವೇ. ವಾಲ್ವಿನೊಳಗಿನ ಜಾಲರಿ ನಡುಗಿದರೆ ವಿದ್ಯುತ್ ಪ್ರವಾಹವೂ ನಡುಗುತ್ತದೆ. ಗಾಜಿಗೆ ಬೆರಳು ತಟ್ಟಿದರೆ ಸ್ಪೀಕರಿನಲ್ಲಿ ‘ಟಿಂಗ್’! ಟ್ರಾನ್ಸಿಸ್ಟರಿನಲ್ಲಿ ಹಾಗೆ ನಡುಗಲು ಜಾಲರಿಯೇ ಇಲ್ಲ. ಗಟ್ಟಿ ಪೆಟ್ಟಿಗೆ ಬಾಳಿಕೆಗೆ ಒಳ್ಳೆಯದು, ಒಪ್ಪುತ್ತೇನೆ. ಇಂಪಿಗಾಗಿ ಅದಕ್ಕೆ ದುಡ್ಡು ಸುರಿಯುವುದನ್ನು ಒಪ್ಪಲಾರೆ. ಆ ಹಣಕ್ಕೆ ಒಳ್ಳೆಯ ಸ್ಪೀಕರ್ ಬರುತ್ತದೆ.