ಸುವೊನ್‌ನ ಕೋಟೆಗೋಡೆ ಮತ್ತು ಅಪ್ಪನ ಪ್ರಶ್ನೆ

ಪರದೇಶದಲ್ಲಿ ವಾರದ ಐದು ದಿನ ಆಫೀಸಿನಲ್ಲಿ ಹೇಗೋ ಕಳೆದುಹೋಗುತ್ತೆ. ಕಷ್ಟ ಕೊಡೋದು ಉಳಿದೆರಡು ದಿನ. ರೂಮಿನಲ್ಲೇ ಕೂತರೆ ಶನಿವಾರ ಸಂಜೆ ಹೊತ್ತಿಗೆ ಊರು ಬಿಟ್ಟು ಯಾಕಾದ್ರೂ ಬಂದೆನೋ ಅನ್ನಿಸೋಕೆ ಶುರುವಾಗುತ್ತೆ. ಅದಕ್ಕೇ ನಾನು ನಡೆಯೋ ಅಭ್ಯಾಸ ಮಾಡಿಕೊಂಡೆ.

ನಾನಿರೋದು ದಕ್ಷಿಣ ಕೊರಿಯಾದ ಸುವೊನ್‌ನಲ್ಲಿ. ಸೋಲ್‌ನಿಂದ ದಕ್ಷಿಣಕ್ಕೆ ಸುಮಾರು 30 ಕಿ.ಮೀ. ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್‌ನ ಪ್ರಧಾನ ಕಚೇರಿ ಇಲ್ಲಿರೋದರಿಂದ ಬೆಂಗಳೂರಿನ ಇಂಜಿನಿಯರ್‌ಗಳಿಗೆ ಹೆಸರು ಹೊಸದಲ್ಲ. ಆದರೆ ಈ ಊರಿನ ನಿಜವಾದ ಹೆಮ್ಮೆ ಹ್ವಾಸೊಂಗ್ ಕೋಟೆ. ನಗರದ ನಡುವೆಯೇ ಸುತ್ತು ಹಾಕುವ 5.7 ಕಿ.ಮೀ. ಗೋಡೆ, 1997ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ಇದರ ಹಿಂದಿರೋದು ಒಬ್ಬ ಮಗನ ಕಥೆ. 1762ರಲ್ಲಿ ಯುವರಾಜ ಸಾದೊನನ್ನು ಅವನ ತಂದೆ, ಅಂದಿನ ರಾಜನೇ, ಅಕ್ಕಿ ತುಂಬುವ ಮರದ ಪೆಟ್ಟಿಗೆಯಲ್ಲಿ ಕೂಡಿಹಾಕಿಸಿದ. ಯುವರಾಜ ಅದರೊಳಗೇ ಸತ್ತ. ಅವನ ಮಗ ಜೊಂಗ್‌ಜೊ ಆಗಿನ್ನೂ ಚಿಕ್ಕ ಹುಡುಗ. 1776ರಲ್ಲಿ ಪಟ್ಟಕ್ಕೆ ಬಂದ ಜೊಂಗ್‌ಜೊ, 1789ರಲ್ಲಿ ಅಪ್ಪನ ಸಮಾಧಿಯನ್ನು ಸುವೊನ್ ಸೀಮೆಗೆ ತಂದ. ಅಲ್ಲಿದ್ದ ಪಟ್ಟಣವನ್ನು ಈಗಿನ ಜಾಗಕ್ಕೆ ಸ್ಥಳಾಂತರಿಸಿ, 1794ರಿಂದ 1796ರೊಳಗೆ ಈ ಕೋಟೆ ಕಟ್ಟಿಸಿದ. ಭಾರದ ಕಲ್ಲೆತ್ತಲು ವಿದ್ವಾಂಸ ಜೊಂಗ್ ಯಾಕ್‌ಯೊಂಗ್ ರಾಟೆಗಳ ಯಂತ್ರವೊಂದನ್ನು ರೂಪಿಸಿಕೊಟ್ಟ.

ನಡಿಗೆಯನ್ನು ದಕ್ಷಿಣದ ಬಾಗಿಲು ಪಾಲ್ದಾಲ್‌ಮುನ್‌ನಿಂದ ಶುರು ಮಾಡಿ. ಬಾಗಿಲ ಸುತ್ತ ಬಸ್ಸು, ಕಾರು ತಿರುಗುತ್ತಿರುತ್ತವೆ, ಪಕ್ಕದಲ್ಲೇ ಮಾರ್ಕೆಟ್ಟು. ಮೊದಲಿಗೇ ಪಾಲ್ದಾಲ್ ಬೆಟ್ಟದ ಕಡಿದಾದ ಮೆಟ್ಟಿಲು, ಉಸಿರು ಕಟ್ಟುತ್ತೆ. ಮೇಲಿನ ಸೊಜಾಂಗ್‌ದೇ ಎಂಬ ಸೇನಾ ಮಂಟಪದಲ್ಲಿ ನಿಂತರೆ ಇಡೀ ಊರು ಕಾಲಡಿ. ಅಲ್ಲಿಂದ ಇಳಿದು ಪಶ್ಚಿಮದ ಬಾಗಿಲು, ಆಮೇಲೆ ಉತ್ತರದ ದೊಡ್ಡ ಬಾಗಿಲು ಜಾಂಗಾನ್‌ಮುನ್.

ನಾನು ಮೊದಲ ಸಲ ಹೋದಾಗ ಬೆಟ್ಟದ ಮೇಲಿಂದ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಇಲ್ಲಿ ಹನ್ನೊಂದೂವರೆ, ಊರಲ್ಲಿ ಬೆಳಗ್ಗೆ ಎಂಟು. ಅಪ್ಪ ಹಾಸನದ ಕಡೆ ನಲವತ್ತು ವರ್ಷ ಗಾರೆ ಮೇಸ್ತ್ರಿಯಾಗಿದ್ದವರು. ಈಗ ಮಂಡಿನೋವು, ಅವರು ಇಲ್ಲಿಗೆ ಬರೋದು, ಈ ಮೆಟ್ಟಿಲು ಹತ್ತೋದು ಆಗದ ಮಾತು. ಗೋಡೆ ತೋರಿಸಿದೆ. ಕಲ್ಲಿನ ಸಂದುಗಳನ್ನ ಹತ್ತಿರದಿಂದ ತೋರಿಸು ಅಂದ್ರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಕಟ್ಟಿದವರಿಗೆ ಕೂಲಿ ಕೊಟ್ಟಿದ್ನಂತಾ ಆ ರಾಜ?"

ಕೊಟ್ಟಿದ್ದ. ಕೋಟೆ ಕಟ್ಟಿದ ಲೆಕ್ಕವನ್ನೆಲ್ಲ ಬರೆದಿಟ್ಟ 'ಉಯಿಗ್ವೆ' ಎಂಬ ಗ್ರಂಥವಿದೆ. ನಕ್ಷೆ, ಸಾಮಗ್ರಿ, ಖರ್ಚಿನ ಜೊತೆಗೆ ಕುಶಲಕರ್ಮಿಗಳ ಹೆಸರು, ಅವರು ದುಡಿದ ದಿನ, ಪಡೆದ ಕೂಲಿಯೂ ಅದರಲ್ಲಿದೆ. ಕೊರಿಯಾ ಯುದ್ಧದಲ್ಲಿ ಜಾಂಗಾನ್‌ಮುನ್ ಸೇರಿದಂತೆ ಹಲವು ಭಾಗ ನೆಲಸಮವಾದವು. 1970ರ ದಶಕದಲ್ಲಿ ಅವನ್ನೆಲ್ಲ ಮತ್ತೆ ಮೊದಲಿನಂತೆ ಕಟ್ಟೋಕೆ ಸಾಧ್ಯವಾಗಿದ್ದು ಈ ಗ್ರಂಥದಿಂದಲೇ. ಇದನ್ನ ಹೇಳಿದಾಗ ಅಪ್ಪ, "ಹೆಸರು ಬೇರೆ ಬರೆಸಿದ್ನಾ!" ಅಂತ ಸ್ವಲ್ಪ ಹೊತ್ತು ಸುಮ್ಮನಿದ್ರು. ತಾವು ಕಟ್ಟಿದ ಯಾವ ಮನೆಯಲ್ಲೂ ಅವರ ಹೆಸರಿಲ್ಲ.

ಮುಂದೆ ಹೊಳೆಯ ಮೇಲೆ ಏಳು ಕಮಾನುಗಳ ಹ್ವಾಹೊಂಗ್‌ಮುನ್, ಪಕ್ಕದ ದಿಬ್ಬದ ಮೇಲೆ ಚೆಂದದ ಮಂಟಪ, ಕೆಳಗೊಂದು ಕೊಳ. ಶನಿವಾರ ಸಂಜೆ ಇಲ್ಲಿ ಚಾಪೆ ಹಾಸಿಕೊಂಡ ಮನೆಮಂದಿಯೆಲ್ಲ ಸೇರಿರುತ್ತಾರೆ. ಪುಟ್ಟ ಮಗುವೊಂದು "ಅಪ್ಪಾ!" ಅಂತ ಕೂಗಿದರೆ ನಾವು ಬೆಚ್ಚಿ ತಿರುಗಿ ನೋಡ್ತೀವಿ. ಕೊರಿಯನ್ನರೂ ತಂದೆಯನ್ನು ಕರೆಯೋದು 'ಅಪ್ಪ' ಅಂತಲೇ. ಕನ್ನಡ ಕೇಳಿ ತಿಂಗಳಾಗಿದ್ದ ಕಿವಿಗೆ ಅಷ್ಟೇ ಸಾಕು.

ಕೆಲವು ಕೆಲಸಕ್ಕೆ ಬರುವ ಮಾತು: ಇಡೀ ಸುತ್ತಿಗೆ ಎರಡೂವರೆ, ಮೂರು ಗಂಟೆ ಬೇಕು. ಸೋಲ್‌ನಿಂದ ಬರುವವರಿಗೆ ಸಬ್‌ವೇ ಲೈನ್ 1 ಇದೆ. ಸುವೊನ್ ಸ್ಟೇಷನ್‌ನಿಂದ ಸಿಟಿ ಬಸ್. ಫೋನಿನಲ್ಲಿ ನೇವರ್ ಮ್ಯಾಪ್ ಇರಲಿ. ಮಾಂಸ ತಿನ್ನೋರಿಗೆ ಸುವೊನ್‌ನ ಗಾಲ್ಬಿ ಪ್ರಸಿದ್ಧ, ಅದು ದನದ ಪಕ್ಕೆಲುಬಿನ ಮಾಂಸ. ಸಸ್ಯಾಹಾರಿಗಳು ಬಿಬಿಂಬಾಪ್ ಹೇಳಿ, "ಗೋಗಿ ಪ್ಪೇ ಜುಸೆಯೊ" ಅನ್ನಿ. ಮಾಂಸ ತೆಗೆದುಬಿಡಿ ಅಂತ ಅರ್ಥ. ಕಿಮ್ಚಿಯಲ್ಲಿ ಸಾಮಾನ್ಯವಾಗಿ ಮೀನು ಅಥವಾ ಸೀಗಡಿ ಇರುತ್ತೆ, ಗಮನವಿರಲಿ.

ಭಾನುವಾರವೂ ಬಿಡುವಿದ್ದರೆ ಪಕ್ಕದ ಹ್ವಾಸೊಂಗ್ ನಗರದಲ್ಲಿರುವ ರಾಜಸಮಾಧಿಗಳಿಗೆ ಹೋಗಿ. ದಟ್ಟವಾದ ಮರಗಳ ನಡುವೆ ಎರಡು ಹಸಿರು ದಿಬ್ಬ. ಒಂದರಲ್ಲಿ ಸಾದೊ, ಸ್ವಲ್ಪ ದೂರದ ಇನ್ನೊಂದರಲ್ಲಿ 1800ರಲ್ಲಿ ತೀರಿಕೊಂಡ ಮಗ ಜೊಂಗ್‌ಜೊ. ಕೋಟೆ ನೋಡಿದ ಮೇಲೆ ಇದನ್ನು ನೋಡದೆ ಬರಬೇಡಿ.