ಅಪ್ಪಯ್ಯನ ಮೆಗ್ಗರ್

ಹಳೆಯ ಸಾಮಾನು ಇಲ್ಲದ ಮನೆ ಯಾವುದಿದೆ ಹೇಳಿ? ಅಜ್ಜಿಯ ಕಂಚಿನ ತಂಬಿಗೆಯಾದರೆ ಹುಣಸೆಹಣ್ಣು ಹಚ್ಚಿ ಬೆಳಗಿ ಷೋಕೇಸಿನಲ್ಲಿಡಬಹುದು. ಮುರುಕು ತೊಟ್ಟಿಲಾದರೆ ಅಟ್ಟಕ್ಕೆ ಹಾಕಿ ಮರೆಯಬಹುದು. ಆದರೆ ಕರೆಂಟನ್ನು ಪರೀಕ್ಷಿಸುವ ಹಳೆಯ ಉಪಕರಣಗಳನ್ನು ಏನು ಮಾಡಬೇಕೆಂದು ಯಾವ ಹಿರಿಯರೂ ಹೇಳಿಕೊಟ್ಟಿಲ್ಲ.

ಸಾಗರದ ನಮ್ಮ ಮನೆಯ ಅಟ್ಟದಲ್ಲಿ ಅಂಥದೊಂದು ಪೆಟ್ಟಿಗೆಯಿತ್ತು. ಅಪ್ಪಯ್ಯ ಕೆ.ಇ.ಬಿ.ಯಲ್ಲಿ ಮೀಟರು ಪರೀಕ್ಷೆಯ ಕೆಲಸದಲ್ಲಿದ್ದು 1996ರಲ್ಲಿ ನಿವೃತ್ತರಾದವರು. ಅವರು ತೀರಿಕೊಂಡ ವರ್ಷದ ಮೇಲೆ ಮನೆಯನ್ನು ಬಾಡಿಗೆಗೆ ಕೊಡುವುದೆಂದಾಯಿತು. ಬೆಂಗಳೂರಿನಿಂದ ತಮ್ಮ ಬಂದ. ಇಬ್ಬರೂ ಸೇರಿ ಆ ಸಾಗುವಾನಿ ಪೆಟ್ಟಿಗೆಯನ್ನು ಕೆಳಗಿಳಿಸುವಷ್ಟರಲ್ಲಿ ಸೊಂಟ ಹಿಡಿದುಕೊಂಡಿತು.

ಒಳಗೆ ಕೈಯಲ್ಲಿ ತಿರುಗಿಸುವ ಹಿಡಿಯುಳ್ಳ ಮೆಗ್ಗರ್, ಕಪ್ಪು ಬೇಕಲೈಟಿನ ಒಂದು ಏವೋ ಮೀಟರು, ಮರದ ಚೌಕಟ್ಟಿನ ಗ್ಯಾಲ್ವನೋಮೀಟರು, ಒಂದಿಷ್ಟು ತಂತಿ. ನಾನು ಬಿ.ಎ., ಬಿ.ಎಡ್. ಓದಿ ಸಮಾಜ ವಿಜ್ಞಾನ ಹೇಳಿಕೊಡುವವಳು. ನನಗೆ ಗೊತ್ತಿರುವ ವಿದ್ಯುತ್ತೆಂದರೆ 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದದ್ದು, 1905ರಲ್ಲಿ ಬೆಂಗಳೂರಿಗೆ ಬಂದದ್ದು. ಅದಕ್ಕಿಂತ ಹೆಚ್ಚು ಕೇಳಬೇಡಿ.

ಗುಜರಿಯವನನ್ನು ಕರೆದೆವು. ಆತ ಮೀಟರನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಬೇಕಲೈಟು ಅಕ್ಕೋರೇ, ಕರಗೋದಿಲ್ಲ. ಇದಕ್ಕೆ ರೇಟಿಲ್ಲ. ಒಡೆದು ಒಳಗಿನ ತಾಮ್ರ ಹಿತ್ತಾಳೆ ತೂಕ ಮಾಡ್ಬೇಕು" ಎಂದ. ಒಡೆಯುವ ಮಾತು ಕೇಳಿ ನನಗೆ ಯಾಕೋ ಸಂಕಟವಾಯಿತು. ನಾಳೆ ಬಾ ಎಂದು ಕಳಿಸಿದೆ.

ತಮ್ಮ ರಾತ್ರಿಯೆಲ್ಲ ಮೊಬೈಲು ಕೆದಕಿದ. ಆಗ ತಿಳಿದದ್ದಿಷ್ಟು. ಏವೋ ಎಂಬುದು ಆಂಪಿಯರ್, ವೋಲ್ಟ್, ಓಮ್ ಎಂಬ ಮೂರು ಹೆಸರುಗಳ ಮೊದಲ ಇಂಗ್ಲಿಷ್ ಅಕ್ಷರಗಳು. ಇಂಗ್ಲೆಂಡಿನ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕಾಡಿ ಎಂಬವರು ಒಂದೊಂದಕ್ಕೆ ಒಂದೊಂದು ಮೀಟರು ಹೊತ್ತು ಬೇಸತ್ತು ಮೂರನ್ನೂ ಒಂದರಲ್ಲೇ ಕೂಡಿಸಿದರಂತೆ. ಅದು ಮಾರುಕಟ್ಟೆಗೆ ಬಂದದ್ದು 1923ರಲ್ಲಿ. ನಮ್ಮದು ಎಂಟನೆಯ ಮಾದರಿ. 1951ರಲ್ಲಿ ಶುರುವಾದ ಆ ಮಾದರಿಯ ತಯಾರಿಕೆ 2008ರಲ್ಲಿ ನಿಂತಿತು. ಹೊರದೇಶದಲ್ಲಿ ಇವನ್ನು ಸಂಗ್ರಹಿಸುವ ಶೋಕಿಯವರಿದ್ದಾರೆ, ಒಳ್ಳೆಯ ಬೆಲೆಯನ್ನೂ ಕೊಡುತ್ತಾರೆ. ಆದರೆ ಆ ಭಾರವನ್ನು ಅಲ್ಲಿಗೆ ಕಳಿಸುವ ಖರ್ಚು ಲೆಕ್ಕ ಹಾಕಿದಾಗ ತಮ್ಮನ ಉತ್ಸಾಹ ಇಳಿಯಿತು. ಇಳಿದವನೇ ಒಂದು ಪ್ರಶ್ನೆ ಹಾಕಿದ: "ಅಕ್ಕಾ, ಇದು ಬೋರ್ಡಿನ ಸಾಮಾನೇನಾದರೂ ಆಗಿದ್ದರೆ?"

ಆ ಪ್ರಶ್ನೆ ನನ್ನನ್ನು ಮಲಗಗೊಡಲಿಲ್ಲ. ಅದಕ್ಕೊಂದು ಹಿನ್ನೆಲೆಯಿದೆ. 1985ರಲ್ಲಿ ನಾನು ಪಿ.ಯು.ಸಿ.ಯಲ್ಲಿದ್ದಾಗ ಕಾಲೇಜಿನಿಂದ ಹಂಪಿಗೆ ಪ್ರವಾಸ ಹೊರಟಿತ್ತು. ತಲೆಗೆ 75 ರೂಪಾಯಿ. ಅಪ್ಪಯ್ಯ ದುಡ್ಡಿಲ್ಲ ಎಂದರು. ಅದೇ ತಿಂಗಳು ಈ ಪೆಟ್ಟಿಗೆ ಮನೆಗೆ ಬಂತು. ಇದಕ್ಕೆ ದುಡ್ಡಿತ್ತೇ ಎಂದು ನಾನು ಕೇಳಲಿಲ್ಲ. ಆದರೆ ಇಂದಿಗೂ ಏಳನೆಯ ತರಗತಿಗೆ ವಿಜಯನಗರದ ಪಾಠ ಮಾಡುವಾಗ ಆ ಪೆಟ್ಟಿಗೆ ಕಣ್ಣಮುಂದೆ ಬರುತ್ತಿತ್ತು. ಈಗ ಹೊಸ ಭಯ: ದುಡ್ಡು ಕೊಡದೆಯೇ ತಂದಿದ್ದರೆ?

ಬೆಳಿಗ್ಗೆ ಪೆಟ್ಟಿಗೆಯನ್ನು ಬರಿದು ಮಾಡಿ ತಳದ ಕಾಗದ ಎತ್ತಿದೆ. ಇಲಾಖೆಯ ಹರಾಜಿನ ರಸೀದಿ ಸಿಕ್ಕಿತು. 'ನಿರುಪಯುಕ್ತ ಸಾಮಗ್ರಿ, 110 ರೂಪಾಯಿ.' ಮೊಹರು, ಸಹಿ ಎಲ್ಲವೂ ಇತ್ತು. ಎದೆ ಹಗುರಾಯಿತು. ಆದರೆ ರಸೀದಿಯ ಕೆಳಗೊಂದು ನೋಟ್‌ಪುಸ್ತಕವಿತ್ತು. ಪುಟಪುಟಕ್ಕೂ ಊರಿನ ಹೆಸರು, ತೋಟದವರ ಹೆಸರು, ಮೋಟರಿನ ಅಶ್ವಶಕ್ತಿ, ಮೆಗಾಓಮಿನ ಲೆಕ್ಕ. ಪಕ್ಕದಲ್ಲಿ ಐದು ರೂಪಾಯಿ, ಹತ್ತು ರೂಪಾಯಿ. ಭಾನುವಾರ ಸೈಕಲ್ಲಿಗೆ ಮೆಗ್ಗರ್ ಕಟ್ಟಿಕೊಂಡು ಅಪ್ಪಯ್ಯ ಹಳ್ಳಿಗೆ ಹೋಗುವುದು ಬಿಟ್ಟಿ ಉಪಕಾರಕ್ಕೆ ಎಂದು ನಾವು ತಿಳಿದಿದ್ದೆವು, ಅಮ್ಮ ಅದಕ್ಕಾಗಿ ಬೈಯುತ್ತಲೂ ಇದ್ದಳು. ಕೊನೆಯಲ್ಲಿ ಒಟ್ಟು ಮೊತ್ತ ಹಾಕಿ, ಎದುರಿಗೆ ಎರಡೇ ಮಾತು: 'ಬಿ.ಎಡ್. ಫೀಸಿಗೆ.'

ಬೋರ್ಡಿನ ನೌಕರರು ಹೊರಗೆ ದುಡಿದು ಹಣ ಪಡೆಯಬಾರದು. ಪೌರನೀತಿ ಹೇಳಿಕೊಡುವ ನನಗೆ ಅದು ಗೊತ್ತು, ಅಪ್ಪಯ್ಯನಿಗೂ ಗೊತ್ತಿತ್ತು. ಆದ್ದರಿಂದಲೇ ಅವರು ಯಾರಿಗೂ ಹೇಳಲಿಲ್ಲ. ಅದನ್ನು ಸರಿಯೆನ್ನಲು ನನ್ನಿಂದ ಆಗುವುದಿಲ್ಲ, ತಪ್ಪೆನ್ನಲು ನನ್ನ ಕೈಯಲ್ಲಿರುವ ಪದವಿ ಬಿಡುವುದಿಲ್ಲ.

ಗುಜರಿಯವನಿಗೆ ಬರಬೇಡವೆಂದು ಹೇಳಿ, ಮೆಗ್ಗರ್ ಎತ್ತಿಕೊಂಡು ಪೇಟೆಯ ಮೋಟರ್ ವೈಂಡಿಂಗ್ ಅಂಗಡಿಗೆ ಹೋದೆ. ಅಂಗಡಿಯ ಹುಡುಗ ನನ್ನ ಹಳೆಯ ವಿದ್ಯಾರ್ಥಿ, ಇತಿಹಾಸದಲ್ಲಿ ಎರಡು ಸಲ ನಪಾಸಾದವನು. "ಕೆಟ್ಟಿರಬೇಕು ಕಣೋ, ಮುಳ್ಳು ನಡುವೆಲ್ಲೋ ನಿಂತಿದೆ" ಎಂದೆ. ಅವನು ನಕ್ಕ. "ಇದರ ಮುಳ್ಳಿಗೆ ಸ್ಪ್ರಿಂಗ್ ಇರೋದಿಲ್ಲ ಅಕ್ಕೋರೇ. ತಿರುಗಿಸದೆ ಇದ್ದಾಗ ಎಲ್ಲಿ ಬೇಕಾದ್ರೂ ನಿಲ್ತದೆ. ತಿರುಗಿಸಿದಾಗ ಮಾತ್ರ ಸತ್ಯ ಹೇಳ್ತದೆ."

ಹಾಗೆಂದು ಹಿಡಿಯನ್ನು ಗರಗರ ತಿರುಗಿಸಿದ. ಒಳಗಿನ ಪುಟ್ಟ ಜನರೇಟರು 500 ವೋಲ್ಟ್ ಹುಟ್ಟಿಸುತ್ತದೆ. ತಂತಿಯ ಮೇಲಿನ ಹೊದಿಕೆಯಲ್ಲಿ ಕರೆಂಟು ಸೋರುತ್ತದೆಯೇ ಎಂದು ಅದರಿಂದ ತಿಳಿಯುವುದು. ನಮ್ಮ ಮಲೆನಾಡಿನ ಮಳೆಗೆ ತೋಟದ ಮೋಟರುಗಳ ಸುರುಳಿ ತೇವ ಹಿಡಿಯುತ್ತದೆ, ಹಾಗೆಯೇ ಚಾಲೂ ಮಾಡಿದರೆ ಸುಟ್ಟುಹೋಗುತ್ತದೆ. ಅಪ್ಪಯ್ಯ ಒಳಗೆ ಬಲ್ಬು ಉರಿಸಿಟ್ಟು ಒಣಗಿಸಿ ಮತ್ತೆ ಅಳೆಯುತ್ತಿದ್ದರು. ಮುಳ್ಳು ಸರಿದು, ಮಲಗಿದ ಎಂಟರಂಥ ಗುರುತಿನ ಮೇಲೆ ನಿಂತಿತು. ಚಿಕ್ಕವಳಿದ್ದಾಗ "ಎಂಟು ಯಾಕೆ ಮಲಗಿದೆ?" ಎಂದು ಕೇಳಿದ್ದೆ. "ಅದು ಎಂಟಲ್ಲ ಮಗಾ, ಅನಂತ. ಎಲ್ಲೂ ಸೋರಿಕೆಯಿಲ್ಲ ಅಂತ ಅರ್ಥ" ಎಂದಿದ್ದರು.

ಹುಡುಗನ ಬಳಿ ಚೈನಾದ ಡಿಜಿಟಲ್ ಉಪಕರಣವೊಂದಿತ್ತು. "ಇದು ತೋಟದಲ್ಲಿ ಸೆಲ್ಲು ಮುಗಿದು ಕೈ ಕೊಡ್ತದೆ. ನಿಮ್ಮದಕ್ಕೆ ಸೆಲ್ಲೇ ಬೇಡ. ಎಷ್ಟು ಕೊಡ್ಲಿ?" ಎಂದ. ನಾನು 110 ರೂಪಾಯಿ ಕೇಳಿದೆ. ಅವನಿಗೆ ತಮಾಷೆಯೆನಿಸಿರಬೇಕು, ಆದರೂ ಎಣಿಸಿ ಕೊಟ್ಟ. ನಾನೂ ಎಣಿಸಿ ತೆಗೆದುಕೊಂಡೆ.

ಗ್ಯಾಲ್ವನೋಮೀಟರು ನಮ್ಮ ಶಾಲೆಯ ಪ್ರಯೋಗಾಲಯಕ್ಕೆ ಹೋಯಿತು. ಏವೋ ಮೀಟರಿಗೆ ಬೇಕಾದ 15 ವೋಲ್ಟಿನ ಬ್ಯಾಟರಿ ಸಾಗರದಲ್ಲಿ ಸಿಗಲಿಲ್ಲ. ಮಾರಬೇಕೆಂದು ಹಟ ಹಿಡಿದಿದ್ದ ತಮ್ಮನೇ ಅದನ್ನು ಹಳೆಯ ಪಂಚೆಯಲ್ಲಿ ಸುತ್ತಿ ಬೆಂಗಳೂರಿಗೆ ಒಯ್ದ. ಒಂದೂವರೆ ವೋಲ್ಟಿನ ಹತ್ತು ಸಣ್ಣ ಸೆಲ್ಲು ಜೋಡಿಸಿ ನಡೆಸುತ್ತಿದ್ದಾನಂತೆ.

ಪೆಟ್ಟಿಗೆ ಮಾತ್ರ ನನ್ನಲ್ಲಿದೆ. ತಳದಲ್ಲಿ ರಸೀದಿ, ನೋಟ್‌ಪುಸ್ತಕ. ಮೇಲೆ ಮಕ್ಕಳ ಉತ್ತರ ಪತ್ರಿಕೆಗಳನ್ನು ಇಡುತ್ತೇನೆ. ಒಳ್ಳೆಯ ಸಾಗುವಾನಿ, ಮಳೆಗಾಲದಲ್ಲೂ ಬೂಷ್ಟು ಹಿಡಿಯುವುದಿಲ್ಲ.